ಪುಕ್ಕಟೆ ಟಿವಿಯ ಹನ್ನೆರಡು ನಿಮಿಷ

‘ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು’ ಅಂತ ನಾವು ತಮಾಷೆಗೆ ಹೇಳ್ತೀವಲ್ಲ, ಆ ಮಾತನ್ನು ಅಮೆರಿಕದ ಸುಮಾರು 12,000 ಶಾಲೆಗಳು ಗಂಭೀರವಾಗಿಯೇ ತೆಗೆದುಕೊಂಡಿದ್ದವು. ತರಗತಿಗೊಂದು ಟಿವಿ, ಛಾವಣಿ ಮೇಲೊಂದು ಡಿಶ್, ಶಾಲೆಯಿಡೀ ಕೇಬಲ್. ಶಾಲೆಗೆ ಒಂದು ಪೈಸೆ ಖರ್ಚಿಲ್ಲ. ಬದಲಿಗೆ ಕೊಡಬೇಕಾದ್ದು ದಿನಕ್ಕೆ ಹನ್ನೆರಡು ನಿಮಿಷ, ಅಷ್ಟೇ. ಅದರಲ್ಲಿ ಹತ್ತು ನಿಮಿಷ ಸುದ್ದಿ, ಎರಡು ನಿಮಿಷ ಜಾಹೀರಾತು. ಈ ವ್ಯವಹಾರದ ಹೆಸರು ಚಾನೆಲ್ ಒನ್. 1990ರಲ್ಲಿ ದೇಶದಾದ್ಯಂತ ಶುರುವಾಗಿ 2018ರಲ್ಲಿ ಬಾಗಿಲು ಹಾಕಿಕೊಂಡಿತು.

ನಮ್ಮಂಥ ಸಾಫ್ಟ್‌ವೇರಿಗರಲ್ಲಿ ಒಂದು ನಂಬಿಕೆ ಇದೆ. ‘ಬಳಸುವವನಿಗೆ ಉಚಿತ, ದುಡ್ಡು ಮಾತ್ರ ಜಾಹೀರಾತಿನವನಿಂದ, ಜಾಹೀರಾತಿನವನಿಗೆ ಬೇಕಾದ್ದು ಬಳಸುವವನ ಕಣ್ಣು’ ಅನ್ನೋ ಲೆಕ್ಕಾಚಾರವನ್ನು ಅರೆದು ಕುಡಿದವರು ಸಿಲಿಕಾನ್ ಕಣಿವೆಯವರು ಅಂತ. ಅವರಿಗಿಂತ ಎಷ್ಟೋ ಮೊದಲು, ಇಂಟರ್‌ನೆಟ್ಟು ಇನ್ನೂ ಮನೆಮನೆಗೆ ಬಾರದ ಕಾಲದಲ್ಲಿ, ಟೆನೆಸಿ ರಾಜ್ಯದ ನಾಕ್ಸ್‌ವಿಲ್ ಅನ್ನೋ ಊರಲ್ಲಿ ಕೂತು ಒಬ್ಬ ಮನುಷ್ಯ ಇದನ್ನು ಶಾಲೆಯ ಕೋಣೆಯೊಳಗೇ ಮಾಡಿ ತೋರಿಸಿದ್ದ. ಅವನ ಕತೆಯಿಂದಲೇ ಶುರು ಮಾಡ್ತೀನಿ.

ಕ್ರಿಸ್ ವ್ಹಿಟಲ್ ಹುಟ್ಟಿದ್ದು ಟೆನೆಸಿಯ ಎಟೋವಾ ಅನ್ನೋ ಸಣ್ಣ ಊರಿನಲ್ಲಿ. ನಾಕ್ಸ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಓದುವಾಗ ಸಿಕ್ಕ ಗೆಳೆಯರ ಜೊತೆ ಸೇರಿ ವಿದ್ಯಾರ್ಥಿಗಳಿಗಾಗಿ ಪತ್ರಿಕೆ ತೆಗೆಯುವ ಕಂಪನಿ ಕಟ್ಟಿದ. ಕಂಪನಿಯ ಹೆಸರೇ 13-30. ಅಂದರೆ ಹದಿಮೂರರಿಂದ ಮೂವತ್ತು ವಯಸ್ಸಿನವರೇ ಗಿರಾಕಿಗಳು ಅಂತ! 1979ರಲ್ಲಿ ಇವರು ಹೋಗಿ ಎಸ್ಕ್ವೈರ್ ಅನ್ನೋ ಪ್ರಸಿದ್ಧ ಪತ್ರಿಕೆಯನ್ನೇ ಕೊಂಡುಕೊಂಡಾಗ ನ್ಯೂಯಾರ್ಕಿನವರು ಹುಬ್ಬೇರಿಸಿದರು. ಆಮೇಲೆ ವ್ಹಿಟಲ್ ತನ್ನದೇ ದಾರಿ ಹಿಡಿದು ವ್ಹಿಟಲ್ ಕಮ್ಯುನಿಕೇಷನ್ಸ್ ಮಾಡಿಕೊಂಡ. 1988ರಲ್ಲಿ ಟೈಮ್ ಕಂಪನಿ ಅದರಲ್ಲಿ ಅರ್ಧ ಪಾಲು ತೆಗೆದುಕೊಂಡಿತು.

ವ್ಹಿಟಲ್‌ನ ತಲೆ ಓಡುತ್ತಿದ್ದ ರೀತಿ ಅರ್ಥವಾಗಬೇಕಾದರೆ ಅವನ ಇನ್ನೊಂದು ಯೋಜನೆ ನೋಡಬೇಕು. 1988ರ ಹೊತ್ತಿಗೆ ಅವನು ಡಾಕ್ಟರುಗಳ ಕ್ಲಿನಿಕ್ಕಿಗಾಗಿಯೇ ‘ಸ್ಪೆಷಲ್ ರಿಪೋರ್ಟ್ಸ್’ ಅನ್ನೋ ಪತ್ರಿಕೆಗಳನ್ನು ಶುರು ಮಾಡಿದ. ಕ್ಲಿನಿಕ್ಕಿನಲ್ಲಿ ನಂಬರ್ ಬರುವವರೆಗೆ ಕಾಯುತ್ತಾ ಕೂತವರು ಏನು ಸಿಕ್ಕರೂ ಓದುತ್ತಾರೆ ತಾನೆ? ಪತ್ರಿಕೆ, ಅದನ್ನಿಡೋಕೆ ಚೆಂದದ ಮರದ ಸ್ಟ್ಯಾಂಡು, ಎಲ್ಲ ಅವನದೇ. ಡಾಕ್ಟರು ಮಾಡಬೇಕಾದ್ದು ಇಷ್ಟೇ, ಟೇಬಲ್ ಮೇಲಿನ ಉಳಿದ ಪತ್ರಿಕೆಗಳನ್ನು ಎರಡೋ ಮೂರೋ ಇಟ್ಟುಕೊಂಡು ಬಾಕಿಯದನ್ನು ನಿಲ್ಲಿಸಿಬಿಡೋದು. ಜನ ಎಲ್ಲಿ ಎದ್ದು ಹೋಗಲಾರರೋ ಅಲ್ಲಿ ಜಾಹೀರಾತು ಇಡು, ಪಕ್ಕದಲ್ಲಿ ಬೇರೆಯವರದ್ದು ಇರದ ಹಾಗೆ ನೋಡಿಕೋ. ಇದಿಷ್ಟೇ ಸೂತ್ರ. ಕ್ಲಿನಿಕ್ಕಿನ ಬೆಂಚಿಗಿಂತ ಏಳೋಕಾಗದ ಜಾಗ ಇನ್ನೊಂದಿದೆ ಅಂತ ಅವನಿಗೆ ಹೊಳೆಯೋಕೆ ತಡವಾಗಲಿಲ್ಲ. ಅದು ಶಾಲೆಯ ಬೆಂಚು.

ಶಾಲೆಗಳ ಪರಿಸ್ಥಿತಿಯೂ ಅವನಿಗೆ ಅನುಕೂಲವಾಗಿಯೇ ಇತ್ತು. ಅಮೆರಿಕದಲ್ಲಿ ಸರ್ಕಾರಿ ಶಾಲೆಗೆ ದುಡ್ಡಿನ ದೊಡ್ಡ ಭಾಗ ಬರೋದು ಆಯಾ ಊರಿನ ಮನೆ-ಜಮೀನಿನ ತೆರಿಗೆಯಿಂದ. ಶ್ರೀಮಂತ ಬಡಾವಣೆಗೆ ಶ್ರೀಮಂತ ಶಾಲೆ, ಬಡ ಬಡಾವಣೆಗೆ ಬಡ ಶಾಲೆ. ಕ್ಯಾಲಿಫೋರ್ನಿಯಾದಲ್ಲಂತೂ 1978ರಲ್ಲಿ ಪ್ರೊಪೊಸಿಷನ್ 13 ಅನ್ನೋ ಜನಮತದ ಮೂಲಕ ಆ ತೆರಿಗೆಗೇ ಮಿತಿ ಹಾಕಿಬಿಟ್ಟರು. ಇತ್ತ 1983ರಲ್ಲಿ ‘ಎ ನೇಷನ್ ಅಟ್ ರಿಸ್ಕ್’ ಅನ್ನೋ ಸರ್ಕಾರಿ ವರದಿ ಬಂದು, ನಮ್ಮ ಶಾಲೆಗಳು ಹಾಳಾಗಿವೆ, ದೇಶ ಮುಳುಗುತ್ತಿದೆ ಅಂತ ಗುಲ್ಲೆಬ್ಬಿಸಿತು. ಮಕ್ಕಳಿಗೆ ತಂತ್ರಜ್ಞಾನ ಬೇಕು ಅಂತ ಎಲ್ಲರೂ ಹೇಳುವವರೇ, ದುಡ್ಡು ಕೊಡುವವರು ಮಾತ್ರ ಇಲ್ಲ.

(ಇಲ್ಲೊಂದು ಉಪಕತೆ. ಇದೇ ಕಾಲದಲ್ಲಿ ಸ್ಟೀವ್ ಜಾಬ್ಸ್ ಅಮೆರಿಕದ ಪ್ರತಿ ಶಾಲೆಗೂ ಒಂದೊಂದು ಆಪಲ್ ಕಂಪ್ಯೂಟರ್ ದಾನ ಕೊಡ್ತೀನಿ, ತೆರಿಗೆಯಲ್ಲಿ ರಿಯಾಯಿತಿ ಕೊಡಿ ಅಂತ ವಾಷಿಂಗ್ಟನ್‌ಗೆ ಹೋಗಿ ಓಡಾಡಿದ್ದ. ಆ ಮಸೂದೆ ಪಾಸಾಗಲಿಲ್ಲ. ಆದರೆ ಕ್ಯಾಲಿಫೋರ್ನಿಯಾ ಒಪ್ಪಿತು. 1983ರಲ್ಲಿ ಅಲ್ಲಿನ ಸುಮಾರು 9,000 ಶಾಲೆಗಳಿಗೆ ಒಂದೊಂದು ಆಪಲ್ 2ಇ ಹೋಯಿತು. ಜಾಹೀರಾತೇನೂ ಇರಲಿಲ್ಲ. ಆದರೆ ಶಾಲೆಯಲ್ಲಿ ಮೊದಲು ಮುಟ್ಟಿದ ಕಂಪ್ಯೂಟರನ್ನೇ ಮನೆಗೂ ಕೊಡಿಸು ಅಂತ ಮಗು ಹಟ ಮಾಡುತ್ತೆ ಅನ್ನೋದು ಜಾಬ್ಸ್‌ಗೆ ಗೊತ್ತಿರಲಿಲ್ಲ ಅಂತೀರಾ? :) )

ಸರಿ, ಕರಾರಿಗೆ ಬರೋಣ. ನನಗೆ ಈ ಇಡೀ ಕತೆಯಲ್ಲಿ ಅತ್ಯಂತ ಇಷ್ಟವಾಗೋದೂ ಭಯವಾಗೋದೂ ಇದರ ವಿನ್ಯಾಸ. ಶಾಲೆಗೆ ಸಿಗುತ್ತಿದ್ದದ್ದು ಒಂದು ಉಪಗ್ರಹ ಡಿಶ್, ಎರಡು ವಿಸಿಆರ್, ಎಲ್ಲ ಕೋಣೆಗಳಿಗೂ ವೈರಿಂಗ್, ಸುಮಾರು 23 ಮಕ್ಕಳಿಗೊಂದರಂತೆ ಟಿವಿ. ಕಂಪನಿ ಹೇಳಿಕೊಂಡ ಪ್ರಕಾರ ಶಾಲೆಗೆ 50,000 ಡಾಲರ್ ಬೆಲೆಯ ಸರಂಜಾಮು. ಕಾರ್ಯಕ್ರಮ ಉಪಗ್ರಹದಿಂದ ಬಂದು ವಿಸಿಆರ್‌ನಲ್ಲಿ ತಾನೇ ರೆಕಾರ್ಡ್ ಆಗುತ್ತಿತ್ತು. ಬೆಳಿಗ್ಗೆ ಶಾಲೆ ತನಗೆ ಹೊಂದುವ ಹೊತ್ತಿನಲ್ಲಿ ಎಲ್ಲ ಕೋಣೆಗೂ ಒಟ್ಟಿಗೇ ಬಿಟ್ಟರಾಯಿತು. ಆದರೆ ಡಿಶ್ ಅನ್ನು ಬೇರೆ ಉಪಗ್ರಹದ ಕಡೆ ತಿರುಗಿಸುವ ಹಾಗಿಲ್ಲ, ಅದು ಚಾನೆಲ್ ಒನ್‌ನ ಸಿಗ್ನಲ್ಲಿಗೇ ಕಟ್ಟಿಹಾಕಿದ ಡಿಶ್. ಕರಾರು ಮೂರು ವರ್ಷಕ್ಕೆ. ಶಾಲೆ ನಡೆಯುವ ದಿನಗಳಲ್ಲಿ ಶೇ. 90ರಷ್ಟು ದಿನ, ಶೇ. 80ರಷ್ಟು ತರಗತಿಗಳಲ್ಲಿ ತೋರಿಸಲೇಬೇಕು. ಪೂರ್ತಿ ತೋರಿಸಬೇಕು, ಮಧ್ಯೆ ಜಾಹೀರಾತು ಬಂದಾಗ ಮೇಷ್ಟ್ರು ಆರಿಸುವ ಹಾಗಿಲ್ಲ. ಕರಾರು ಮುರಿದರೆ ಟಿವಿ ವಾಪಸ್. ಯಾಕೆಂದರೆ ಅದು ಶಾಲೆಗೆ ಕೊಟ್ಟದ್ದಲ್ಲ, ಎರವಲು.

ನಮ್ಮ ಕಡೆ ಸರ್ವಿಸ್ ಲೆವೆಲ್ ಅಗ್ರಿಮೆಂಟ್ ಅಂತ ಬರೀತಾರಲ್ಲ, ಸರ್ವರ್ ಇಂತಿಷ್ಟು ಶೇಕಡಾ ಹೊತ್ತು ನಡೀತಿರಬೇಕು ಅಂತ, ಅದೇ ಇದು. ಒಂದೇ ವ್ಯತ್ಯಾಸ, ಇಲ್ಲಿ ನಡೀತಿರಬೇಕಾದ ಯಂತ್ರ ಅಂದರೆ ಹದಿಮೂರು ವರ್ಷದ ಹುಡುಗ ಹುಡುಗಿಯರ ಗಮನ.

ಉಪಗ್ರಹ, ಶಾಲೆ, ಟಿವಿ, ಎರವಲು ಅಂದಾಗ ನನಗೆ ನೆನಪಾಗಿದ್ದು ನಮ್ಮದೇ ‘ಸೈಟ್’ ಪ್ರಯೋಗ. 1975ರ ಆಗಸ್ಟಿನಿಂದ ಒಂದು ವರ್ಷ ನಾಸಾದವರು ಎಟಿಎಸ್-6 ಉಪಗ್ರಹವನ್ನು ಭಾರತಕ್ಕೆ ಎರವಲು ಕೊಟ್ಟಿದ್ದರು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಬಂತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯ ಡಿಶ್, ಬೆಳಿಗ್ಗೆ ಶಾಲೆ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಬೇಸಾಯ-ಆರೋಗ್ಯ ಅಂತ ದೊಡ್ಡವರಿಗೆ. ಸೋಪು, ಚಾಕೊಲೇಟು ಮಾರೋಕೆ ಅಲ್ಲಿ ಯಾರೂ ಇರಲಿಲ್ಲ. ವರ್ಷ ಮುಗಿದ ಮೇಲೆ ಉಪಗ್ರಹ ವಾಪಸ್ ಹೋಯಿತು. ಆ ತಂತ್ರಜ್ಞಾನವೇ ಸ್ವಲ್ಪ ಬೆಳೆದು ಹದಿನೈದು ವರ್ಷದ ನಂತರ ಅಮೆರಿಕದ ಶಾಲೆಗಳಲ್ಲಿ ಏನಾಯಿತು ನೋಡಿ.

1989ರಲ್ಲಿ ಆರು ಶಾಲೆಗಳಲ್ಲಿ ಪ್ರಯೋಗ ಮಾಡಿ ನೋಡಿದರು. 1990ರ ಮಾರ್ಚಿನಲ್ಲಿ ಸುಮಾರು 400 ಶಾಲೆಗಳೊಂದಿಗೆ ಅಧಿಕೃತವಾಗಿ ಶುರು. ಕೆಲವೇ ವರ್ಷಗಳಲ್ಲಿ ಅದು 12,000 ಶಾಲೆಗಳಿಗೆ, ಸುಮಾರು 80 ಲಕ್ಷ ಮಕ್ಕಳಿಗೆ ಮುಟ್ಟಿತು. ಹದಿಹರೆಯದವರ ಮಟ್ಟಿಗೆ ಇಷ್ಟು ದೊಡ್ಡ, ಇಷ್ಟು ಖಾತ್ರಿಯ ಪ್ರೇಕ್ಷಕವರ್ಗ ಬೇರೆ ಯಾವ ಟಿವಿ ಚಾನೆಲ್ಲಿಗೂ ಇರಲಿಲ್ಲ. ಮೂವತ್ತು ಸೆಕೆಂಡಿನ ಒಂದು ಜಾಹೀರಾತಿಗೆ 2 ಲಕ್ಷ ಡಾಲರ್‌ವರೆಗೂ ದರ ಇತ್ತು. ಲೆಕ್ಕ ಹಾಕಿ ನೋಡಿದೆ. ಎರಡು ನಿಮಿಷ ಅಂದರೆ ನಾಲ್ಕು ಜಾಹೀರಾತು, ದಿನಕ್ಕೆ 8 ಲಕ್ಷ. ವರ್ಷಕ್ಕೆ 180 ದಿನ ಶಾಲೆ ಅಂದರೆ, ಎಲ್ಲವೂ ಪೂರ್ತಿ ದರಕ್ಕೇ ಮಾರಾಟವಾದರೆ, 14.4 ಕೋಟಿ ಡಾಲರ್. ಶಾಲೆಗೆ 12,000 ಡಾಲರ್, ಮಗುವಿಗೆ 18 ಡಾಲರ್. ಪೂರ್ತಿ ದರ ಸಿಗದೇ ಇದ್ದ ದಿನಗಳು ಬೇಕಾದಷ್ಟಿದ್ದಿರಬಹುದು, ಆದರೂ ಒಂದು ಮಗುವಿನ ಒಂದು ವರ್ಷದ ಗಮನಕ್ಕೆ ಮಾರುಕಟ್ಟೆ ಕಟ್ಟಿದ ಬೆಲೆಯ ಅಂದಾಜು ಅದು.

ಸುದ್ದಿ ಕಳಪೆಯಾಗಿತ್ತಾ? ಇಲ್ಲ. ಇದನ್ನು ವಿರೋಧಿಗಳು ಹೇಳೋದಿಲ್ಲ, ಆದರೆ ಹೇಳಲೇಬೇಕು. ಇವತ್ತು ಸಿಎನ್ಎನ್‌ನಲ್ಲಿ ಹೆಸರು ಮಾಡಿರುವ ಆಂಡರ್ಸನ್ ಕೂಪರ್ ವೃತ್ತಿ ಶುರು ಮಾಡಿದ್ದು ಇಲ್ಲೇ. ಮೊದಲು ಕಚೇರಿಯಲ್ಲಿ ಸುದ್ದಿಯ ಸತ್ಯಾಸತ್ಯತೆ ನೋಡುವ ಕೆಲಸ. ಅದು ಬೇಜಾರಾಗಿ ಒಂದು ನಕಲಿ ಪ್ರೆಸ್ ಕಾರ್ಡ್ ಮಾಡಿಸಿಕೊಂಡು, ಕ್ಯಾಮೆರಾ ಹಿಡಿದು ಬರ್ಮಾಕ್ಕೆ ಹೋಗಿಬಿಟ್ಟ. ಆಮೇಲೆ ಸೊಮಾಲಿಯಾ, ಬೋಸ್ನಿಯಾ, ರುವಾಂಡಾ. ಲೀಸಾ ಲಿಂಗ್ ಕೂಡ ಇಲ್ಲಿಂದಲೇ ಬಂದವಳು. ಮನೆಯಲ್ಲಿ ಪೇಪರ್ ತರಿಸದ ಎಷ್ಟೋ ಮಕ್ಕಳಿಗೆ ಜಗತ್ತಿನ ಸುದ್ದಿ ಅಂತ ಕಿವಿಗೆ ಬಿದ್ದಿದ್ದರೆ ಇದರಿಂದಲೇ. ಸಂಶೋಧಕರು ಪರೀಕ್ಷೆ ಮಾಡಿ ನೋಡಿದಾಗ, ನೋಡಿದ ಮಕ್ಕಳಿಗೆ ಪ್ರಚಲಿತ ವಿದ್ಯಮಾನದ ತಿಳಿವಳಿಕೆ ಸ್ವಲ್ಪ ಹೆಚ್ಚೇ ಇತ್ತು. ಮೇಷ್ಟ್ರು ಅದರ ಬಗ್ಗೆ ಚರ್ಚೆ ಮಾಡಿದ ಕಡೆ ಇನ್ನೂ ಸ್ವಲ್ಪ ಹೆಚ್ಚು. ಬಹಳ ಕಡೆ ಚರ್ಚೆ ಮಾಡುತ್ತಿರಲಿಲ್ಲ ಅನ್ನೋದು ಬೇರೆ ಮಾತು.

ಜಗಳ ಮಾತ್ರ ಮೊದಲ ದಿನದಿಂದಲೇ ಇತ್ತು. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿ 1989ರಲ್ಲೇ, ದೇಶದಾದ್ಯಂತ ಪ್ರಸಾರ ಶುರುವಾಗುವ ಮೊದಲೇ, ತನ್ನ ಸರ್ಕಾರಿ ಶಾಲೆಗಳಲ್ಲಿ ಇದನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಶಿಕ್ಷಣ ಮುಖ್ಯಸ್ಥ ಬಿಲ್ ಹೋನಿಗ್, ಮಕ್ಕಳ ಸಮಯ ಮಾರೋಕೆ ಶಾಲೆಗೆ ಹಕ್ಕಿಲ್ಲ, ಆ ಹನ್ನೆರಡು ನಿಮಿಷದ ಅನುದಾನ ಕಡಿತ ಮಾಡ್ತೀನಿ ಅಂತ ಎಚ್ಚರಿಸಿದ. ಉತ್ತರ ಕೆರೊಲಿನಾದಲ್ಲಿ ರಾಜ್ಯವೇ ಕೋರ್ಟಿಗೆ ಹೋಯಿತು. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇದು ಸ್ಥಳೀಯ ಶಾಲಾ ಮಂಡಳಿಗಳಿಗೆ ಬಿಟ್ಟ ವಿಷಯ ಅಂತ ಕಂಪನಿಯ ಪರ ತೀರ್ಪು ಕೊಟ್ಟಿತು.

ಕ್ಯಾಲಿಫೋರ್ನಿಯಾದ ಮೊಕದ್ದಮೆ ನಡೆದದ್ದು ಸ್ಯಾನ್ ಹೋಸೆ ನಗರದ ಒಂದು ಹೈಸ್ಕೂಲಿನ ವಿಷಯದಲ್ಲಿ. (ಹೌದು, ಇವತ್ತು ನಮ್ಮ ಕನ್ನಡದ ಸಾಫ್ಟ್‌ವೇರಿಗರು ತುಂಬಿರುವ ಅದೇ ಸ್ಯಾನ್ ಹೋಸೆ. ಅಲ್ಲಿರುವ ಬ್ಲಾಗಿಗರು ಮಕ್ಕಳ ಶಾಲೆ ಮೀಟಿಂಗಿನಲ್ಲಿ ಬೇಕಾದರೆ ಉಲ್ಲೇಖಿಸಬಹುದು.) ನ್ಯಾಯಾಧೀಶರು 1992ರಲ್ಲಿ ಕಾರ್ಯಕ್ರಮವನ್ನು ನಿಷೇಧಿಸಲಿಲ್ಲ, ಆದರೆ ಬೇಡ ಅಂದ ಮಗುವಿಗೆ ನೋಡದೇ ಇರುವ ಅವಕಾಶ ಕೊಡಬೇಕು ಅಂದರು. 1994ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೆಚ್ಚು ಕಡಿಮೆ ಅದನ್ನೇ ಹೇಳಿತು. ಜಾಹೀರಾತು ಪಾಠದ ಮುಂದೆ ಗೌಣವಾಗಿದ್ದರೆ, ಮಗುವಿಗೆ ಒತ್ತಾಯವಿಲ್ಲದಿದ್ದರೆ, ಕಾನೂನಿನ ಉಲ್ಲಂಘನೆ ಅಲ್ಲ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹದಿಮೂರು ವರ್ಷದ ಹುಡುಗ ಇಡೀ ಕ್ಲಾಸು ಟಿವಿ ನೋಡುತ್ತಿರುವಾಗ ಎದ್ದು, ‘ನನಗೆ ಬೇಡ’ ಅಂತ ಹೊರಗೆ ಹೋಗ್ತಾನಾ? ಓಹಾಯೊ ರಾಜ್ಯದಲ್ಲಿ 2000ದಲ್ಲಿ ಹಾಗೆ ನೋಡೋಕೆ ಒಪ್ಪದ ಇಬ್ಬರು ವಿದ್ಯಾರ್ಥಿಗಳನ್ನು ಶಿಕ್ಷೆ ಅಂತ ಒಂದು ದಿನ ಬಾಲಾಪರಾಧಿಗಳ ಕೇಂದ್ರದಲ್ಲಿ ಕೂರಿಸಿದ್ದರು. ಟಿವಿ ನೋಡಲಿಲ್ಲ ಅಂತ ಮಕ್ಕಳಿಗೆ ಶಿಕ್ಷೆ! ನಮ್ಮ ಮನೆಗಳಲ್ಲಿ ಉಲ್ಟಾ ಅಲ್ವಾ...

ಹಾಗೆ ನೋಡಿದರೆ ಆ ಕಾಲದ ಹುಚ್ಚು ಟಿವಿಗಷ್ಟೇ ನಿಲ್ಲಲಿಲ್ಲ. 1998ರಲ್ಲಿ ಜಾರ್ಜಿಯಾದ ಒಂದು ಹೈಸ್ಕೂಲಿನಲ್ಲಿ ‘ಕೋಕ್ ದಿನ’ ಆಚರಿಸುವಾಗ ಒಬ್ಬ ಹುಡುಗ ಪೆಪ್ಸಿ ಅಂಗಿ ತೋರಿಸಿದ ಅಂತ ಅವನನ್ನು ಶಾಲೆಯಿಂದ ಒಂದು ದಿನ ಹೊರಗೆ ಹಾಕಿದ್ದರು.

ವಿರೋಧಿಸಿದವರ ಪಟ್ಟಿ ನೋಡಿದರೆ ನಗು ಬರುತ್ತೆ. ಎಡದ ತುದಿಯಲ್ಲಿ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್. ಬಲದ ತುದಿಯಲ್ಲಿ ಫಿಲಿಸ್ ಶ್ಲಾಫ್ಲಿ, ಮಹಿಳಾ ಸಮಾನ ಹಕ್ಕಿನ ತಿದ್ದುಪಡಿಯನ್ನೇ ತಡೆದು ನಿಲ್ಲಿಸಿದ ಸಂಪ್ರದಾಯವಾದಿ ನಾಯಕಿ. 1999ರ ಮೇ ತಿಂಗಳಲ್ಲಿ ಅಲಬಾಮಾದ ಸೆನೆಟರ್ ರಿಚರ್ಡ್ ಶೆಲ್ಬಿ ಒತ್ತಾಯದಿಂದ ಸೆನೆಟ್ ಸಮಿತಿ ವಿಚಾರಣೆ ನಡೆಸಿದಾಗ ಇಬ್ಬರೂ ಒಂದೇ ಕಡೆ ಸಾಕ್ಷಿ ಹೇಳಿದರು! ಆ ವರ್ಷವೇ ಸದರ್ನ್ ಬ್ಯಾಪ್ಟಿಸ್ಟ್ ಚರ್ಚುಗಳ ಸಮ್ಮೇಳನ ಕೂಡ ಚಾನೆಲ್ ಒನ್ ವಿರುದ್ಧ ನಿರ್ಣಯ ಮಾಡಿತು. ಒಬ್ಬರಿಗೆ ಮಕ್ಕಳನ್ನು ಕಂಪನಿಗಳಿಗೆ ಮಾರುತ್ತಿದ್ದಾರೆ ಅನ್ನೋ ಸಿಟ್ಟು, ಇನ್ನೊಬ್ಬರಿಗೆ ಅಪ್ಪ-ಅಮ್ಮನಿಗೆ ಗೊತ್ತಿಲ್ಲದೆ ಮಕ್ಕಳಿಗೆ ಏನೇನೋ ತೋರಿಸುತ್ತಿದ್ದಾರೆ ಅನ್ನೋ ಸಿಟ್ಟು. ಎರಡೂ ನಿಜವೇ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿಮ್ ಮೆಟ್ರಾಕ್ ಅನ್ನೋ ಉದ್ಯಮಿ ‘ಆಬ್ಲಿಗೇಷನ್’ ಅನ್ನೋ ಸಂಸ್ಥೆ ಮಾಡಿಕೊಂಡು ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದ.

ಕಂಪನಿಯವರ ಬಾಯಿಂದಲೇ ಬಂದ ಮಾತು ವಿರೋಧಿಗಳಿಗೆ ಎಲ್ಲಕ್ಕಿಂತ ಹೆಚ್ಚು ಸಹಾಯ ಮಾಡಿತು ಅನ್ನಿಸುತ್ತೆ. ಚಾನೆಲ್ ಒನ್‌ನ ಅಧ್ಯಕ್ಷನಾಗಿದ್ದ ಜೋಯೆಲ್ ಬ್ಯಾಬಿಟ್, 1994ರಲ್ಲಿ ಜಾಹೀರಾತಿನವರ ಮುಂದೆ ಮಾತಾಡುತ್ತಾ ತಮ್ಮ ಸರಕಿನ ವಿಶೇಷತೆ ವಿವರಿಸಿದ್ದ. ಇಲ್ಲಿ ಕೂತ ಮಕ್ಕಳು ಬಾತ್‌ರೂಮಿಗೆ ಎದ್ದು ಹೋಗೋ ಹಾಗಿಲ್ಲ, ಚಾನೆಲ್ ಬದಲಿಸೋ ಹಾಗಿಲ್ಲ, ಹಿಂದಿನಿಂದ ಅಮ್ಮ ಕೂಗೋದಿಲ್ಲ, ವಿಡಿಯೋ ಗೇಮ್ ಆಡೋ ಹಾಗಿಲ್ಲ ಅನ್ನೋದು ಅವನ ಮಾತಿನ ಸಾರ. ಅವನೇನೂ ಗುಟ್ಟು ಬಿಟ್ಟುಕೊಡಲಿಲ್ಲ ಬಿಡಿ. ಕರಾರಿನಲ್ಲೇ ಬರೆದಿದ್ದನ್ನು ಆಡುಮಾತಿನಲ್ಲಿ ಹೇಳಿದ, ಅಷ್ಟೇ.

ಇನ್ನು ಸಮಯದ ಲೆಕ್ಕ. ದಿನಕ್ಕೆ ಹನ್ನೆರಡು ನಿಮಿಷ ಅಂದರೆ ಯಾರಿಗೂ ಏನೂ ಅನ್ನಿಸೋದಿಲ್ಲ. 180 ದಿನಕ್ಕೆ ಅದು 36 ಗಂಟೆ. ದಿನಕ್ಕೆ ಆರು ಗಂಟೆ ಪಾಠ ಅಂತಿಟ್ಟುಕೊಂಡರೆ ವರ್ಷಕ್ಕೆ ಪೂರ್ತಿ ಆರು ದಿನ. ಅದರಲ್ಲಿ ಒಂದು ಇಡೀ ದಿನ ಬರೀ ಜಾಹೀರಾತು. ಬೆಳಿಗ್ಗೆ ಬೆಲ್ ಹೊಡೆದಾಗಿನಿಂದ ಸಂಜೆ ಬೆಲ್ ಹೊಡೆಯುವವರೆಗೆ ಚಾಕೊಲೇಟು, ಕೋಲಾ, ಮೊಡವೆ ಕ್ರೀಮು! 1998ರಲ್ಲಿ ಅಲೆಕ್ಸ್ ಮೋಲ್ನರ್ ಮತ್ತು ಮ್ಯಾಕ್ಸ್ ಸವಿಕಿ ಅನ್ನೋ ಇಬ್ಬರು, ಈ ಸಮಯಕ್ಕೆ ತೆರಿಗೆದಾರರು ಎಷ್ಟು ದುಡ್ಡು ಕೊಟ್ಟಿರುತ್ತಾರೆ ಅಂತ ಲೆಕ್ಕ ಹಾಕಿದರು. ಮೇಷ್ಟ್ರ ಸಂಬಳ, ಕಟ್ಟಡ, ಬಸ್ಸು, ಎಲ್ಲ ಸೇರಿ. ಬಂದ ಉತ್ತರ ವರ್ಷಕ್ಕೆ 180 ಕೋಟಿ ಡಾಲರ್, ಅದರಲ್ಲಿ ಜಾಹೀರಾತಿನ ಪಾಲು 30 ಕೋಟಿ. ಶಾಲೆಗೆ ಸರಾಸರಿ ಒಂದೂವರೆ ಲಕ್ಷ ಡಾಲರ್ ಬೆಲೆಯ ಸಮಯ ಪ್ರತಿ ವರ್ಷ ಕೊಟ್ಟು, ಬದಲಿಗೆ ಪಡೆದದ್ದು 50,000 ಡಾಲರಿನ ಟಿವಿ ಸೆಟ್ಟು, ಅದೂ ಒಂದು ಸಲ, ಅದೂ ಎರವಲು.

ನನಗೆ ಈ ಲೆಕ್ಕದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಕಾಣುತ್ತೆ. ಆ ಹತ್ತು ನಿಮಿಷದ ಸುದ್ದಿಯೂ ಪಾಠವೇ ಅಂದುಕೊಂಡರೆ ಅಷ್ಟೂ ನಷ್ಟ ಅಲ್ಲ. ಹಾಗೆ ನೋಡಿದರೂ ಜಾಹೀರಾತಿನ 30 ಕೋಟಿಯನ್ನು ಯಾವ ಲೆಕ್ಕಕ್ಕೂ ಸೇರಿಸೋಕಾಗಲ್ಲ. ಅದನ್ನು 12,000 ಶಾಲೆಗೆ ಹಂಚಿದರೆ ಶಾಲೆಗೆ 25,000. ಎರಡೇ ವರ್ಷದಲ್ಲಿ ಪುಕ್ಕಟೆ ಟಿವಿಯ ದುಡ್ಡು ಚುಕ್ತಾ.

ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಧ್ಯಯನ. 1993ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಮೈಕೆಲ್ ಮಾರ್ಗನ್, ಚಾನೆಲ್ ಒನ್ ಹಾಕಿಸಿಕೊಂಡವರು ಯಾರು ಅಂತ ನೋಡಿದ. ಬಡ ಮಕ್ಕಳು ಹೆಚ್ಚಿರುವ ಶಾಲೆಗಳು. ಪಠ್ಯಪುಸ್ತಕಕ್ಕೆ, ಕಲಿಕೆ ಸಾಮಗ್ರಿಗೆ ಎಲ್ಲರಿಗಿಂತ ಕಡಿಮೆ ಖರ್ಚು ಮಾಡೋಕಾಗುತ್ತಿದ್ದ ಶಾಲೆಗಳು. ಶ್ರೀಮಂತ ಬಡಾವಣೆಯ ಶಾಲೆ ತನ್ನ ದುಡ್ಡಲ್ಲೇ ಟಿವಿ ಕೊಂಡುಕೊಂಡು ತನಗೆ ಬೇಕಾದ್ದು ನೋಡುತ್ತೆ. ಬಡ ಶಾಲೆ ಮಕ್ಕಳ ಸಮಯ ಒತ್ತೆ ಇಟ್ಟು ಟಿವಿ ತರುತ್ತೆ. ಓದೋಕೆ ಹೆಚ್ಚು ಸಮಯ ಯಾವ ಮಕ್ಕಳಿಗೆ ಬೇಕಿತ್ತೋ ಅವರಿಂದಲೇ ವರ್ಷಕ್ಕೆ ಆರು ದಿನ ಹೋಯಿತು. ಆ ಶಾಲೆಯ ಹೆಡ್ಮಾಸ್ತರನ್ನು ಬೈಯೋಕೂ ನನಗೆ ಮನಸ್ಸು ಬರಲ್ಲ. ಬೋರ್ಡಿಗೆ ಬಣ್ಣ ಹೊಡೆಸೋಕೂ ದುಡ್ಡಿಲ್ಲದವರ ಬಾಗಿಲಿಗೆ ಯಾರೋ ಬಂದು ಇಡೀ ಕಟ್ಟಡಕ್ಕೆ ವೈರಿಂಗ್ ಮಾಡಿಕೊಡ್ತೀನಿ ಅಂದರೆ ನೀವಾದರೂ ಏನು ಮಾಡ್ತಿದ್ರಿ?

ಜಾಹೀರಾತು ಕೆಲಸ ಮಾಡುತ್ತಿತ್ತಾ ಅಂದರೆ, ಮಾಡುತ್ತಿತ್ತು. ಬ್ರಾಡ್ಲಿ ಗ್ರೀನ್‌ಬರ್ಗ್ ಮತ್ತು ಜೆಫ್ರಿ ಬ್ರ್ಯಾಂಡ್ 1993ರಲ್ಲಿ ಮಿಷಿಗನ್ನಿನ ಶಾಲೆಗಳನ್ನು ಹೋಲಿಸಿ ನೋಡಿದಾಗ, ಚಾನೆಲ್ ಒನ್ ನೋಡುವ ಮಕ್ಕಳಿಗೆ ಅದರಲ್ಲಿ ಬರುವ ಸಾಮಾನುಗಳ ಮೇಲೆ ಒಲವು ಹೆಚ್ಚಿತ್ತು. 2006ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 7 ಮತ್ತು 8ನೇ ತರಗತಿಯ ಮಕ್ಕಳನ್ನು ಕೇಳಿದರೆ, ಸುದ್ದಿಗಿಂತ ಜಾಹೀರಾತೇ ಅವರಿಗೆ ಹೆಚ್ಚು ನೆನಪಿತ್ತಂತೆ. ಶಾಲೆಯಲ್ಲಿ ತೋರಿಸಿದ್ದನ್ನು ಮಕ್ಕಳು ಕಲಿಯುತ್ತಾರೆ ಅನ್ನೋದು ಕೊನೆಗೂ ಸಾಬೀತಾಯಿತು :(

ಇಷ್ಟೂ ಟಿವಿಯ ಕತೆ. ಟಿವಿಗೆ ಒಂದು ಒಳ್ಳೇ ಗುಣ ಇತ್ತು. ಅದು ಮಾತಾಡುತ್ತೆ, ಕೇಳಿಸಿಕೊಳ್ಳೋದಿಲ್ಲ. ಮುಂದಿನ ಕಂಪನಿ ತಂದದ್ದು ಕಂಪ್ಯೂಟರ್.

ಝ್ಯಾಪ್‌ಮೀ ಅನ್ನೋದು ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಲ್ಲಿ 1996ರಲ್ಲಿ ಹುಟ್ಟಿದ ಕಂಪನಿ. ಡಾಟ್‌ಕಾಂ ಜ್ವರ ಏರುತ್ತಿದ್ದ ಕಾಲ. ಶಾಲೆಗೆ ಹದಿನೈದು ಕಂಪ್ಯೂಟರಿನ ಇಡೀ ಲ್ಯಾಬ್, ಪ್ರಿಂಟರ್, ಉಪಗ್ರಹದ ಮೂಲಕ ವೇಗದ ಇಂಟರ್‌ನೆಟ್, ಎಲ್ಲ ಪುಕ್ಕಟೆ. ಇಲ್ಲಿಯ ಷರತ್ತು, ಲ್ಯಾಬ್ ದಿನಕ್ಕೆ ಕನಿಷ್ಠ ನಾಲ್ಕು ಗಂಟೆ ಬಳಕೆಯಲ್ಲಿರಬೇಕು. ಅವರದೇ ಬ್ರೌಸರ್, ಅದರ ಕೆಳಮೂಲೆಯಲ್ಲಿ ಸದಾ ಬದಲಾಗುತ್ತಿರುವ ಜಾಹೀರಾತಿನ ಚೌಕ. ಮಕ್ಕಳು ಯಾವ ಪಾಠ ತೆರೆದರೂ ಆ ಚೌಕ ಹೋಗಲ್ಲ. ಬಳಸಿದ ಹಾಗೆಲ್ಲ ‘ಝ್ಯಾಪ್‌ಪಾಯಿಂಟ್’ ಸಿಗುತ್ತಿತ್ತು. ಮಕ್ಕಳ ವಯಸ್ಸು, ಹುಡುಗನೋ ಹುಡುಗಿಯೋ, ಯಾವ ಪಿನ್‌ಕೋಡು ಅನ್ನೋದನ್ನು ಒಟ್ಟುಗೂಡಿಸಿ ಜಾಹೀರಾತಿಗೆ ಉಪಯೋಗಿಸುತ್ತಿದ್ದರು. ಹೆಸರು ಇಲ್ಲವಲ್ಲ ಅನ್ನೋದು ಅವರ ಸಮಾಧಾನ. ಈ ಸಾಲು ಓದಿದಾಗ ನಾನು ಎದ್ದು ಕೂತೆ. ಇವತ್ತು ನಮ್ಮ ಆಫೀಸುಗಳಲ್ಲಿ ನಡೆಯುವ ಎಷ್ಟೋ ಡಿಸೈನ್ ಮೀಟಿಂಗಿನಲ್ಲಿ ಇದೇ ವಾಕ್ಯ, ಇದೇ ಸಮಾಧಾನ.

1999ರ ಅಕ್ಟೋಬರಿನಲ್ಲಿ ಝ್ಯಾಪ್‌ಮೀ ಷೇರು ಮಾರುಕಟ್ಟೆಗೆ ಬಂತು. 2000ದ ಹೊತ್ತಿಗೆ ಸುಮಾರು ಎರಡು ಸಾವಿರ ಶಾಲೆಗಳಲ್ಲಿತ್ತು. ನೇಡರ್ ಜೊತೆಯವರ ‘ಕಮರ್ಷಿಯಲ್ ಅಲರ್ಟ್’ ಇದರ ಬೆನ್ನು ಹತ್ತಿತು. ಸೆನೆಟರ್‌ಗಳಾದ ಶೆಲ್ಬಿ ಮತ್ತು ಕ್ರಿಸ್ ಡಾಡ್, ಪೋಷಕರ ಒಪ್ಪಿಗೆಯಿಲ್ಲದೆ ಶಾಲೆಯಲ್ಲಿ ಮಕ್ಕಳ ಮಾಹಿತಿ ಸಂಗ್ರಹಿಸಬಾರದು ಅಂತ ಮಸೂದೆ ತಂದರು. ಒಂದು ಕಡೆ ವಿರೋಧ, ಇನ್ನೊಂದು ಕಡೆ ಡಾಟ್‌ಕಾಂ ಗುಳ್ಳೆ ಒಡೆದು ಜಾಹೀರಾತಿನ ದುಡ್ಡೇ ಆವಿಯಾಯಿತು. 2000ದ ಕೊನೆಗೆ ಕಂಪನಿ, ಶಾಲೆಗಳ ಸಹವಾಸ ಸಾಕು ಅಂದಿತು. ಪುಕ್ಕಟೆ ಲ್ಯಾಬ್ ಬೇಕಾದರೆ ಇನ್ನು ದುಡ್ಡು ಕೊಟ್ಟು ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಿಚ್ಚಿಕೊಂಡು ಹೋಗ್ತೀವಿ ಅಂತ. ಕಂಪನಿ ತನ್ನ ಹೆಸರನ್ನು ಆರ್‌ಸ್ಟಾರ್ ಅಂತ ಬದಲಿಸಿಕೊಂಡು, ಉಪಗ್ರಹ ಸಂಪರ್ಕ ಕೊಡುತ್ತಿದ್ದ ಇಸ್ರೇಲಿನ ಗಿಲಾಟ್ ಕೈಗೆ ಹೋಯಿತು. ಆ ಲ್ಯಾಬ್ ನಂಬಿಕೊಂಡು ಪಾಠದ ಯೋಜನೆ ಮಾಡಿಕೊಂಡ ಮೇಷ್ಟ್ರುಗಳ ಪಾಡು ಯಾವ ಪತ್ರಿಕಾ ಹೇಳಿಕೆಯಲ್ಲೂ ಬರೋದಿಲ್ಲ.

ಈ ಗಲಾಟೆಯ ಫಲವಾಗಿ ಒಂದಿಷ್ಟು ಕಾನೂನು ಬಂತು. 2002ರ ಜನವರಿಯಲ್ಲಿ ಸಹಿಯಾದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯಿದೆಯ ಒಂದು ಮೂಲೆಯಲ್ಲಿ, ಮಾರಾಟಕ್ಕಾಗಿ ಮಕ್ಕಳಿಂದ ಮಾಹಿತಿ ಸಂಗ್ರಹಿಸುವ ವಿಷಯದಲ್ಲಿ ಶಾಲೆಗಳು ಪೋಷಕರ ಜೊತೆ ಕೂತು ನೀತಿ ಮಾಡಬೇಕು, ತಿಳಿಸಬೇಕು, ಬೇಡ ಅಂದವರನ್ನು ಬಿಡಬೇಕು ಅಂತ ಸೇರಿಸಿದರು. ಮತ್ತೆ ಅದೇ ‘ಬೇಡ ಅಂದವರನ್ನು ಬಿಡಬೇಕು’. ಶೈಕ್ಷಣಿಕ ಉತ್ಪನ್ನಗಳಿಗೆ ವಿನಾಯಿತಿ ಬೇರೆ ಇದೆ. ಆ ಬಾಗಿಲಿನಿಂದ ಮುಂದೆ ಯಾರ್‍ಯಾರು ಒಳಗೆ ಬಂದರು ಅಂತ ನೋಡಿದರೆ ಸಾಕು. ಗೂಗಲ್, ಶಾಲೆಗಳಿಗೆ ಉಚಿತವಾಗಿ ಕೊಟ್ಟ ಇಮೇಲ್‌ನಲ್ಲಿ ಜಾಹೀರಾತಿನ ಉದ್ದೇಶಕ್ಕೆ ಸಂದೇಶಗಳನ್ನು ಸ್ಕ್ಯಾನ್ ಮಾಡೋದನ್ನು ಪೂರ್ತಿ ನಿಲ್ಲಿಸ್ತೀವಿ ಅಂತ ಘೋಷಿಸಿದ್ದು 2014ರ ಏಪ್ರಿಲ್‌ನಲ್ಲಿ. 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ, ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಮಕ್ಕಳಿಗೆ ಕೊಟ್ಟ ಕಲಿಕೆಯ ಆ್ಯಪ್ ಮತ್ತು ತಾಣಗಳನ್ನು ಪರೀಕ್ಷಿಸಿ ವರದಿ ಕೊಟ್ಟಿತು. ಹೆಚ್ಚಿನವು ಮಕ್ಕಳ ಹಕ್ಕಿಗೆ ಧಕ್ಕೆ ತರುವ ಹಾಗೆ ಮಾಹಿತಿ ಸಂಗ್ರಹಿಸುತ್ತಿದ್ದವು ಅನ್ನೋದು ಅದರ ಆರೋಪ. ಆ ಪಟ್ಟಿಯಲ್ಲಿ ನಮ್ಮ ಕೇಂದ್ರ ಸರ್ಕಾರದ ‘ದೀಕ್ಷಾ’ ಕೂಡ ಇತ್ತು. ಕರ್ನಾಟಕದ ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ನೋಡಿದ್ದೀರಲ್ಲ, ಅದು ತೆರೆಯುತ್ತಿದ್ದದ್ದು ಇದನ್ನೇ.

ಚಾನೆಲ್ ಒನ್‌ನ ಮುಂದಿನ ಕತೆಯಲ್ಲಿ ಅಂಥ ಸ್ವಾರಸ್ಯ ಇಲ್ಲ. ವ್ಹಿಟಲ್‌ನ ಸಾಮ್ರಾಜ್ಯ 1994ರಲ್ಲೇ ಕುಸಿದು, ಚಾನೆಲ್ ಒನ್ ಸುಮಾರು 24 ಕೋಟಿ ಡಾಲರಿಗೆ ಕೆ-3 ಅನ್ನೋ ಕಂಪನಿಯ ಪಾಲಾಯಿತು. ಅದೇ ಮುಂದೆ ಪ್ರೈಮೀಡಿಯಾ. ಮಕ್ಕಳ ಬೊಜ್ಜಿನ ಚರ್ಚೆ ಜೋರಾಗಿ 2003ರಲ್ಲಿ ಕ್ರಾಫ್ಟ್‌ನಂಥ ತಿಂಡಿ ಕಂಪನಿ ಶಾಲೆಯೊಳಗಿನ ಪ್ರಚಾರ ನಿಲ್ಲಿಸ್ತೀವಿ ಅಂದಿತು. 2007ರಲ್ಲಿ ಅಲಾಯ್, 2014ರಲ್ಲಿ ಪಠ್ಯಪುಸ್ತಕದ ಹೂಟನ್ ಮಿಫ್ಲಿನ್ ಹಾರ್ಕೋರ್ಟ್, ಹೀಗೆ ಕೈಯಿಂದ ಕೈಗೆ ಹೋಗಿ 2018ರ ಮೇ ತಿಂಗಳಲ್ಲಿ ನಿಂತುಹೋಯಿತು. ಅಷ್ಟರಲ್ಲಿ ಪ್ರತಿ ಮಗುವಿನ ಜೇಬಿನಲ್ಲೂ ಒಂದು ಪರದೆ ಬಂದಿತ್ತು, ಗೋಡೆ ಮೇಲಿನ ಟಿವಿ ಯಾರಿಗೆ ಬೇಕು?

ನಾಕ್ಸ್‌ವಿಲ್‌ನಲ್ಲಿ ವ್ಹಿಟಲ್ ಕಟ್ಟಿಸಿದ ಕೆಂಪಿಟ್ಟಿಗೆಯ ಭಾರೀ ಮುಖ್ಯ ಕಚೇರಿಯನ್ನು ಕಂಪನಿ ಮುಳುಗಿದ ಮೇಲೆ ಅಮೆರಿಕ ಸರ್ಕಾರ ಕೊಂಡುಕೊಂಡಿತು. ಈಗ ಅಲ್ಲಿರೋದು ಫೆಡರಲ್ ನ್ಯಾಯಾಲಯ. ಹಾಜರಿ ಅಲ್ಲೂ ಕಡ್ಡಾಯ, ಜಾಹೀರಾತು ಮಾತ್ರ ಇಲ್ಲ.

ಬ್ಲಾಗಿಗರಲ್ಲಿ ಮೇಷ್ಟ್ರುಗಳು, ಶಾಲೆಗೆ ಹೋಗುವ ಮಕ್ಕಳಿರುವವರು ಬಹಳ ಜನ ಇದ್ದೀರಿ. ನಿಮ್ಮ ಶಾಲೆಗೆ ಯಾವುದಾದರೂ ಕಂಪನಿ ‘ಪುಕ್ಕಟೆ’ ಅಂತ ಏನಾದರೂ ಕೊಟ್ಟಿದ್ದರೆ, ಅದರ ಕರಾರಿನಲ್ಲಿ ಏನು ಬರೆದಿತ್ತು ಅಂತ ಕಾಮೆಂಟಿನಲ್ಲಿ ತಿಳಿಸಿ. ಶಾಲೆ ಹೆಸರು ಬೇಡ, ಷರತ್ತು ಸಾಕು.